14 ನಿಮಿಷದ ಲೆಕ್ಕ

ಪತ್ರ: ಸರ್, ನನ್ನ ಮಗಳು ಪಿಯುಸಿ ತನಕ ಜಮಖಂಡಿಯಲ್ಲೇ ಬಾಸ್ಕೆಟ್‌ಬಾಲ್ ಆಡಿದವಳು. ತಾಲೂಕು, ಜಿಲ್ಲಾ ಪಂದ್ಯಗಳಲ್ಲಿ ಅವಳದೇ ಜಾಸ್ತಿ ಪಾಯಿಂಟ್. ಈ ವರ್ಷ ಬೆಳಗಾವಿಯ ಒಂದು ಕಾಲೇಜಿಗೆ ಸೇರಿ, ಗಾರ್ಡ್ (ಬಾಲ್ ಮುಂದಕ್ಕೆ ತಂದು ಪಾಸ್ ಕೊಡುವ ಆಟಗಾರ್ತಿ) ಆಗಿ ಟೀಮಿಗೂ ಆಯ್ಕೆಯಾದಳು. 6 ಪಂದ್ಯ ಮುಗಿದವು. ಎಲ್ಲಾ ಸೇರಿ ಆಡಿಸಿದ್ದು 14 ನಿಮಿಷ. ಒಮ್ಮೆ ಮಾತ್ರ ಎರಡನೇ ಕ್ವಾರ್ಟರ್ ಶುರುವಿಗೆ 4 ನಿಮಿಷ ಬಿಟ್ಟರು. ಶುರುವಿನಲ್ಲೇ ಬಾಲ್ ಕಳಕೊಂಡಳು, ಪಾಯಿಂಟ್ ಒಂದೂ ಇಲ್ಲ. ಇಳಿದಾಗ ಟೀಮು 5 ಪಾಯಿಂಟ್ ಹಿಂದಿತ್ತು, ಹೊರಬಂದಾಗ 3. ಇಬ್ಬರು ಸೀನಿಯರ್ ಗಾರ್ಡ್ ಇದ್ದಾರೆ, ಒಬ್ಬಳದು ಕೊನೆಯ ವರ್ಷ. ಮೂರನೆಯವಳು ಎರಡನೇ ವರ್ಷದವಳು, ಎತ್ತರ ಇದ್ದಾಳೆ. ನಮ್ಮ ಹುಡುಗಿ 5 ಅಡಿ 2 ಇಂಚು. ಅವಳಿಗೆ ಚಾನ್ಸ್ ಸಿಗುತ್ತದಾ? ಕೋಚ್ ಹತ್ತಿರ ನಾನೇ ಮಾತಾಡಲಾ? ಕಾಲೇಜು ಬದಲಿಸಲಾ?
– ಓದುಗರೊಬ್ಬರು, ಜಮಖಂಡಿ

ಸಂಪಾದಕರ ಉತ್ತರ:

ನಮಸ್ಕಾರ. ನೀವು ಬೇಜಾರಿನಲ್ಲಿ ಬರೆದ ಆ 4 ನಿಮಿಷ ಓದಿ ನನಗೆ ಖುಷಿಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ಪಂದ್ಯ 10 ನಿಮಿಷದ 4 ಕ್ವಾರ್ಟರ್, ಅಂದರೆ 40 ನಿಮಿಷ. ಸಾಮಾನ್ಯವಾಗಿ ಅಂಕಣದಲ್ಲಿ ಇಬ್ಬರು ಗಾರ್ಡ್ ಇರುತ್ತಾರೆ. ಹಂಚಲು ಇರುವುದು 80 ನಿಮಿಷ. ಸೀನಿಯರ್‌ಗಳು ತಲಾ 32 ಆಡಿದರು ಅಂದುಕೊಳ್ಳಿ, ಉಳಿದದ್ದು 16. ಅದರಲ್ಲಿ ಎತ್ತರದ ಹುಡುಗಿಗೆ 10 ಹೋದರೆ, ನಿಮ್ಮ ಮಗಳ ಪಾಲಿಗೆ 6. ಕೋಚ್ ಎಷ್ಟೇ ಒಳ್ಳೆಯವರಿದ್ದರೂ ಈ ವರ್ಷ 80 ಇದ್ದದ್ದು 90 ಆಗುವುದಿಲ್ಲ. ಹಾಗಾಗಿ ‘ನನ್ನ ಮಗಳು ಚೆನ್ನಾಗಿ ಆಡುತ್ತಾಳಾ’ ಅನ್ನುವುದರ ಜೊತೆಗೆ ‘ಯಾರ ನಿಮಿಷ ಇವಳಿಗೆ ಬರಬೇಕು’ ಅಂತಲೂ ಕೇಳಿಕೊಳ್ಳಬೇಕು. ಸದ್ಯಕ್ಕೆ ಅವಳ ಪೈಪೋಟಿ ಇರುವುದು ಆ ಎರಡನೇ ವರ್ಷದ ಹುಡುಗಿಯ ಜೊತೆ. ಸೀನಿಯರ್‌ಗಳನ್ನು ಪಕ್ಕಕ್ಕಿಡಿ.

ಇನ್ನು ಪಾಯಿಂಟಿನ ವಿಷಯ. ತಾಲೂಕು ಪಂದ್ಯದಲ್ಲಿ ಬಾಲ್ ಸದಾ ಇವಳ ಕೈಯಲ್ಲೇ ಇರುತ್ತಿತ್ತು, ಅಲ್ವಾ? ಕಾಲೇಜು ಟೀಮಿನಲ್ಲಿ ಬಾಸ್ಕೆಟ್ ಹಾಕುವವರು ಆಗಲೇ ಇದ್ದಾರೆ. ಹೊಸ ಗಾರ್ಡ್‌ನಿಂದ ಕೋಚ್ ಬಯಸುವುದೇ ಬೇರೆ. ಕಿರಾಣಿ ಅಂಗಡಿಯ ಮಾಲೀಕ ಊಟಕ್ಕೆ ಹೋಗುವಾಗ ಹುಡುಗನನ್ನು ಕೂರಿಸುತ್ತಾನಲ್ಲ, ಹಾಗೆ. ಆ ಒಂದು ತಾಸಿನಲ್ಲಿ ಅವನು ಹೊಸ ಗಿರಾಕಿ ತರಬೇಕಾಗಿಲ್ಲ. ಮಾಲೀಕ ಬಂದಾಗ ಗಲ್ಲಾಪೆಟ್ಟಿಗೆ ಲೆಕ್ಕ ತಾಳೆಯಾದರೆ ಸಾಕು.

ನಾನೂ ಕಾಲೇಜಿನಲ್ಲಿ ಗಾರ್ಡ್ ಆಗಿದ್ದವನು. ಮೊದಲ ವರ್ಷ ವಿಜಯಪುರದಲ್ಲಿ ಒಂದು ಪಂದ್ಯ. ಸೀನಿಯರ್‌ಗೆ ಮೂರನೇ ಫೌಲ್ ಆಯಿತು, ಇನ್ನೂ ಜಾಸ್ತಿಯಾದರೆ ಆಟದಿಂದಲೇ ಹೊರಗೆ ಅಂತ ಅವನನ್ನು ಕೂರಿಸಿ ನನ್ನನ್ನು ಇಳಿಸಿದರು. ಎದುರಾಳಿಗಳು ಕಾಯುತ್ತಲೇ ಇದ್ದರು. ಹೊಸ ಮುಖ ಕಂಡ ಕೂಡಲೇ ಇಬ್ಬರು ಮೈಮೇಲೆ ಬಂದರು. 8 ಸೆಕೆಂಡಿನಲ್ಲಿ ಬಾಲ್ ಅರ್ಧ ಅಂಕಣ ದಾಟಬೇಕು. ನಾನು ಕಣ್ಣುಮುಚ್ಚಿ ಪಾಸ್ ಎಸೆದೆ, ನೇರ ಅವರ ಕೈಗೇ ಹೋಯಿತು. ಮರುನಿಮಿಷ ಬೆಂಚಿಗೆ ಬಂದವನು ಟೂರ್ನಿ ಮುಗಿಯುವ ತನಕ ಮೇಲೇಳಲಿಲ್ಲ. ಅದಕ್ಕೂ ಹಿಂದಿನ ತಿಂಗಳು ಊರಲ್ಲಿ ನಾನೇ ಹೀರೋ, ಬಿಡಿ!

ಈಗ ಆ 4 ನಿಮಿಷಕ್ಕೆ ಬರೋಣ. ಎಲ್ಲ ನಿಮಿಷಕ್ಕೂ ಒಂದೇ ಬೆಲೆ ಇಲ್ಲ. 25 ಪಾಯಿಂಟ್ ಮುಂದಿರುವಾಗ ಕೊನೆಯ 2 ನಿಮಿಷಕ್ಕೆ ಯಾರನ್ನು ಬೇಕಾದರೂ ಇಳಿಸಬಹುದು. ಅದು ಪ್ರಸಾದ ಹಂಚಿದ ಹಾಗೆ. ಎರಡನೇ ಕ್ವಾರ್ಟರ್ ಶುರುವಿಗೆ, ಟೀಮು 5 ಪಾಯಿಂಟ್ ಹಿಂದಿರುವಾಗ ಯಾರೂ ಸುಮ್ನೆ ಇಳಿಸುವುದಿಲ್ಲ. ಶುರುವಿನಲ್ಲೇ ಬಾಲ್ ಕಳಕೊಂಡಳು ಅಂದಿರಿ. ಆದರೂ ಕೋಚ್ ತಕ್ಷಣ ವಾಪಸ್ ಕರೆಯಲಿಲ್ಲ, ನೋಡಿ. ನನ್ನನ್ನು ಕರೆದಿದ್ದರು. 5 ಇದ್ದದ್ದು 3 ಆದದ್ದು ಅವಳಿಂದಲೇ ಅಂತ ನಾನು ಹೇಳುವುದಿಲ್ಲ. ಯಾರೋ ಸೀನಿಯರ್ ಹೊಡೆದ ಶಾಟ್ ಬಿದ್ದಿರಬಹುದು, 4 ನಿಮಿಷದಲ್ಲಿ ಏನು ಬೇಕಾದರೂ ಆಗುತ್ತದೆ. ಗಲ್ಲಾಪೆಟ್ಟಿಗೆ ಮಾತ್ರ ಖಾಲಿಯಾಗಲಿಲ್ಲ.

ಮೊದಲ ವರ್ಷ ಬೆಂಚಿನಲ್ಲಿ ಕೂತವರಲ್ಲಿ ದೊಡ್ಡ ದೊಡ್ಡವರಿದ್ದಾರೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಗಾರ್ಡ್ ಸ್ಟೀವ್ ನ್ಯಾಶ್ 1996-97ರಲ್ಲಿ ಫೀನಿಕ್ಸ್ ಟೀಮಿಗೆ ಹೊಸಬ. ಅಲ್ಲಿ ಅವನಿಗಿಂತ ಮುಂದಿನ ಗಾರ್ಡ್ ಆಗಿ ಕೆವಿನ್ ಜಾನ್ಸನ್ ಇದ್ದ, ಸೀಸನ್ ನಡುವೆ ಇನ್ನೊಬ್ಬ ಗಾರ್ಡ್ ಜೇಸನ್ ಕಿಡ್ ಬೇರೆ ಬಂದ. ಅಲ್ಲಿ ಪಂದ್ಯ 48 ನಿಮಿಷದ್ದು, ನ್ಯಾಶ್‌ಗೆ ಸಿಕ್ಕಿದ್ದು ಸರಾಸರಿ 10 ನಿಮಿಷ ಚಿಲ್ಲರೆ. 2005, 2006ರಲ್ಲಿ ಸತತ ಎರಡು ಸಲ ಅವನೇ ಲೀಗಿನ ಅತ್ಯಮೂಲ್ಯ ಆಟಗಾರ. ಜಾನ್ ಸ್ಟಾಕ್ಟನ್ ಕೂಡ ಶುರುವಿನಲ್ಲಿ ಯೂಟಾ ಟೀಮಿನಲ್ಲಿ ರಿಕಿ ಗ್ರೀನ್ ಹಿಂದೆ ಕಾದವನೇ. ಕೊನೆಗೆ 15,806 ಅಸಿಸ್ಟ್ (ಜೊತೆಯವರು ಬಾಸ್ಕೆಟ್ ಹಾಕುವ ಹಾಗೆ ಕೊಟ್ಟ ಪಾಸ್) ಮಾಡಿದ, ಆ ದಾಖಲೆ ಇನ್ನೂ ಅವನದೇ. ಆದರೆ ಈ ಕಥೆಗಳನ್ನು ಮಗಳಿಗೆ ಜಾಸ್ತಿ ಹೇಳಬೇಡಿ. ಬೆಂಚಿನಲ್ಲಿ ಕೂತು ಅಲ್ಲೇ ಉಳಿದವರ ಹೆಸರು ನಮಗೆ ಗೊತ್ತಿರುವುದಿಲ್ಲ, ಅಷ್ಟೇ.

ಎತ್ತರದ ಚಿಂತೆ ಸ್ವಲ್ಪ ನಿಜವೇ. ಎದುರಾಳಿಗಳು ಗಿಡ್ಡ ಗಾರ್ಡ್‌ನ ತಲೆ ಮೇಲಿಂದ ಶಾಟ್ ಹೊಡೆಯಲು ನೋಡುತ್ತಾರೆ. ಗಿಡ್ಡಗಿರುವವರು ಡ್ರಿಬಲ್‌ಗೇ, ಅಂದರೆ ಬಾಲ್ ಪುಟಿಸಿಕೊಂಡು ಬರುವುದಕ್ಕೇ ಅಡ್ಡ ಬಂದು, ಬಾಲ್ ತರುವವಳನ್ನು ಅರ್ಧ ಅಂಕಣದಲ್ಲೇ ಸುಸ್ತು ಮಾಡಬೇಕು. ಅದಕ್ಕಿಂತ ನನಗೆ ಚಿಂತೆ ಅವಳ ಎಡಗೈದು. ನಮ್ಮ ಕಡೆ ಮೊದಲಿಂದ ಬಲಗೈಯಲ್ಲೇ ಆಡಿ ಗೆದ್ದ ಮಕ್ಕಳು ಕಾಲೇಜಿಗೆ ಹೋದಾಗ ಸಿಕ್ಕಿಬೀಳುವುದು ಅಲ್ಲೇ. ಎರಡು ಪಂದ್ಯ ನೋಡಿದ ಎದುರಾಳಿ ಕೋಚ್ ಯಾರೇ ಆಗಲಿ, ಅವಳನ್ನು ಎಡಕ್ಕೆ ತಳ್ಳಿ ಅಂತಾರೆ. ಜೋಳದ ರೊಟ್ಟಿ ಬಡಿಯುವಾಗ ನಮ್ಮ ಮನೆಯ ಹೆಣ್ಣುಮಕ್ಕಳು ಮಾತಾಡುತ್ತಲೇ ಇರುತ್ತಾರೆ, ಕೈ ಕಡೆ ನೋಡುವುದೇ ಇಲ್ಲ. ಎಡಗೈ ಡ್ರಿಬಲ್ ಅಷ್ಟು ರೂಢಿಯಾಗಬೇಕು. ಕಣ್ಣು ಬಾಲಿನ ಮೇಲಿದ್ದರೆ ಬಾಸ್ಕೆಟ್ ಕೆಳಗೆ ಖಾಲಿ ನಿಂತ ಗೆಳತಿ ಕಾಣುವುದಿಲ್ಲ.

ಕೋಚ್ ಹತ್ತಿರ ನೀವು ಹೋಗಬೇಡಿ. ಅಪ್ಪ ಬಂದು ನಿಮಿಷ ಕೇಳಿದರೆ ಆ ಹುಡುಗಿಗೇ ಮುಜುಗರ. ಅವಳೇ ಹೋಗಿ, “ಸರ್, ನನ್ನನ್ನು ಇಳಿಸೋಕೆ ನಿಮಗೆ ಏನು ಅಡ್ಡಿ?” ಅಂತ ಕೇಳಲಿ. ಉತ್ತರ ಸಿಕ್ಕರೆ ಅದೇ ಅವಳ ಅಭ್ಯಾಸದ ಪಟ್ಟಿ. ಕಾಲೇಜು ಬದಲಿಸುವ ಮಾತು ಈಗ ಬೇಡವೇ ಬೇಡ. ಒಬ್ಬ ಸೀನಿಯರ್ ಈ ವರ್ಷ ಹೋಗುತ್ತಾಳೆ ಅಂತ ನೀವೇ ಬರೆದಿದ್ದೀರಿ. ಆಗ 30ಕ್ಕೂ ಜಾಸ್ತಿ ನಿಮಿಷ ಖಾಲಿಯಾಗುತ್ತದೆ. ಬೇರೆ ಕಡೆ ಹೋದರೆ ಅಲ್ಲೂ ಅವಳು ಹೊಸಬಳೇ.

ನನ್ನ ಅಂದಾಜು ಕೇಳಿದರೆ, ಈ ವರ್ಷ ಪಂದ್ಯಕ್ಕೆ 5-6 ನಿಮಿಷ, ಸೀನಿಯರ್‌ಗೆ ಬೇಗ ಫೌಲ್ ಆದ ದಿನ 10. ಮುಂದಿನ ವರ್ಷ ಎಡಗೈ ಬಂದಿದ್ದರೆ 20ರ ಹತ್ತಿರ. ಬರದಿದ್ದರೆ ಎತ್ತರದ ಹುಡುಗಿಯೇ ಮುಂದೆ.

ಮುಂದಿನ ಪಂದ್ಯಕ್ಕೆ ಬೆಳಗಾವಿಗೆ ಹೋದಾಗ ಪಾಯಿಂಟ್ ಬರೆದುಕೊಳ್ಳಬೇಡಿ. ಎಷ್ಟು ಹೊತ್ತಿಗೆ ಇಳಿಸಿದರು, ಆಗ ಸ್ಕೋರ್ ಎಷ್ಟಿತ್ತು, ಬಾಲ್ ಎಷ್ಟು ಸಲ ಕಳಕೊಂಡಳು, ತಪ್ಪಾದ ಮೇಲೆ ಎಷ್ಟು ಹೊತ್ತು ಆಡಿಸಿದರು – ಇಷ್ಟು ಬರೆದು ಕಳಿಸಿ. ಎಡಗಡೆಯಿಂದ ಎಷ್ಟು ಸಲ ನುಗ್ಗಿದಳು ಅನ್ನುವುದನ್ನೂ ಸೇರಿಸಿ.