ಪಾಲಿಮರೇಸ್ ಒಂದೇ ಇದ್ದರೆ ಸಾಲದೇ?

ಪ್ರಶ್ನೆ: ಜೀನನ್ನು ಓದಿ ಆರ್‌ಎನ್‌ಎ ತಯಾರಿಸುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಹಾಗಿದ್ದ ಮೇಲೆ ಯೀಸ್ಟ್‌ನಂಥ ಏಕಕೋಶ ಜೀವಿಗೂ ಈ ಕೆಲಸ ಶುರುಮಾಡಲು ಅಷ್ಟೊಂದು ಪ್ರೋಟೀನ್ ಸಂಕೀರ್ಣಗಳು ಯಾಕೆ ಬೇಕು?

ಉತ್ತರ: ಆರ್‌ಎನ್‌ಎ ಹೆಣೆಯುವುದು ಪಾಲಿಮರೇಸ್‌ಗೆ ಬರುತ್ತದೆ, ಎಲ್ಲಿಂದ, ಯಾವಾಗ ಶುರುಮಾಡಬೇಕು ಎನ್ನುವುದು ಬರುವುದಿಲ್ಲ. ಯೀಸ್ಟ್‌ನ ಪಾಲಿಮರೇಸ್-2ರಲ್ಲಿ (ಪ್ರೋಟೀನ್ ಸಂಕೇತವಿರುವ ಜೀನುಗಳನ್ನು ಓದುವ ಪಾಲಿಮರೇಸ್ ಇದು) 12 ಉಪಘಟಕಗಳಿವೆ. ಆದರೂ ಜೀನಿನ ಆರಂಭದ ಜಾಗವನ್ನು ಅದು ತಾನಾಗಿ ಗುರುತಿಸಲಾರದು. ಸಾಲದ್ದಕ್ಕೆ ಡಿಎನ್‌ಎ ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡಿರುವುದರಿಂದ ಆ ಜಾಗ ಸುಲಭವಾಗಿ ಕೈಗೆಟುಕುವುದೂ ಇಲ್ಲ.

ಗ್ಯಾಲ್1 ಜೀನನ್ನೇ ನೋಡಿ. ಗ್ಯಾಲಕ್ಟೋಸ್ ಸಕ್ಕರೆಯನ್ನು ಬಳಸಿಕೊಳ್ಳಲು ಬೇಕಾದ ಕಿಣ್ವ ಇದರಿಂದ ಬರುತ್ತದೆ. ಗ್ಲೂಕೋಸ್ ಸಿಗುತ್ತಿರುವಷ್ಟು ಕಾಲ ಯೀಸ್ಟ್ ಇದರತ್ತ ತಿರುಗಿಯೂ ನೋಡುವುದಿಲ್ಲ. ಗ್ಲೂಕೋಸ್ ಇಲ್ಲದಾಗ ಜೀನಿನ ಪಕ್ಕದ ಡಿಎನ್‌ಎ ಮೇಲೆ ಗ್ಯಾಲ್4 ಎಂಬ ಪ್ರೋಟೀನ್ ಕೂತಿರುತ್ತದೆ, ಆದರೆ ಗ್ಯಾಲ್80 ಅದನ್ನು ಅದುಮಿಟ್ಟಿರುತ್ತದೆ. ಗ್ಯಾಲಕ್ಟೋಸ್ ಬಂತೆಂದರೆ ಗ್ಯಾಲ್3 ಆ ಹಿಡಿತ ಬಿಡಿಸುತ್ತದೆ. ಆಗ ಗ್ಯಾಲ್4 ಮಾಡುವ ಮೊದಲ ಕೆಲಸ 'ಸಾಗಾ' ಎಂಬ ದೊಡ್ಡ ಸಂಕೀರ್ಣವನ್ನು ಕರೆತರುವುದು. ಸಾಗಾದಲ್ಲಿ 19 ಪ್ರೋಟೀನುಗಳು. ಅವುಗಳಲ್ಲೊಂದಾದ ಜಿಸಿಎನ್5 ಹಿಸ್ಟೋನ್‌ಗಳಿಗೆ ಅಸಿಟೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕು ಅಂಟಿಸಿ, ಡಿಎನ್‌ಎ ಮೇಲಿನ ಅವುಗಳ ಹಿಡಿತ ಸಡಿಲಿಸುತ್ತದೆ. ಮತ್ತೊಂದು, ಎಸ್‌ಪಿಟಿ3, ಟಾಟಾ-ಬಂಧಕ ಪ್ರೋಟೀನನ್ನು (ಜೀನಿನ ಆರಂಭದ ಬಳಿಯ TATA ಎಂಬ ಡಿಎನ್‌ಎ ಅಕ್ಷರಸಾಲಿಗೆ ಅಂಟುವ ಪ್ರೋಟೀನ್) ಅದರ ಜಾಗದಲ್ಲಿ ಕೂರಿಸಲು ನೆರವಾಗುತ್ತದೆ. ಕೂತ ಕೂಡಲೇ ಆ ಪ್ರೋಟೀನ್ ಡಿಎನ್‌ಎಯನ್ನು ಹೆಚ್ಚುಕಡಿಮೆ 80 ಡಿಗ್ರಿಯಷ್ಟು ಬಗ್ಗಿಸಿಬಿಡುತ್ತದೆ. ನನಗಂತೂ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಬೆರಗಿನ ಹಂತ ಇದೇ.

ಉಳಿದವು ಇದರ ಸುತ್ತ ಸೇರಿಕೊಳ್ಳುತ್ತವೆ. ಸುಮಾರು 25 ಉಪಘಟಕಗಳ ಮೀಡಿಯೇಟರ್ ಸಂಕೀರ್ಣ ಒಂದು ಕಡೆ ಗ್ಯಾಲ್4ನ್ನೂ ಇನ್ನೊಂದು ಕಡೆ ಪಾಲಿಮರೇಸನ್ನೂ ಮುಟ್ಟಿಕೊಂಡಿರುತ್ತದೆ. ಟಿಎಫ್-2-ಎಚ್ ಎಂಬ ಸಂಕೀರ್ಣ ಡಿಎನ್‌ಎ ಎಳೆಗಳನ್ನು ಬಿಡಿಸಿ, ಪಾಲಿಮರೇಸ್‌ನ ಉದ್ದ ಬಾಲಕ್ಕೆ ಫಾಸ್ಫೇಟ್ ಸೇರಿಸುತ್ತದೆ. ಏಳು ಅಮೈನೋ ಆಮ್ಲಗಳ ಒಂದೇ ಸಾಲು ಸುಮಾರು 26 ಸಲ ಮರುಕಳಿಸಿ ಆದ ಬಾಲ ಅದು. ಫಾಸ್ಫೇಟ್ ಸೇರಿದೊಡನೆ ಮೀಡಿಯೇಟರ್‌ನ ನಂಟು ಕಡಿದು ಪಾಲಿಮರೇಸ್ ಮುಂದಕ್ಕೆ ಹೊರಡುತ್ತದೆ.

ಇಷ್ಟೆಲ್ಲದರಲ್ಲಿ ನಿಜಕ್ಕೂ ಮುಖ್ಯವಾದದ್ದು ಕರೆತರುವ ಕೆಲಸವೇ ಎನ್ನಲು ಒಳ್ಳೆಯ ಪುರಾವೆಯಿದೆ. 1990ರ ದಶಕದಲ್ಲಿ ವಿಜ್ಞಾನಿಗಳು ಟಾಟಾ-ಬಂಧಕ ಪ್ರೋಟೀನನ್ನು ಡಿಎನ್‌ಎಗೆ ಅಂಟುವ ಬೇರೊಂದು ಪ್ರೋಟೀನಿನ ತುಂಡಿಗೆ ಜೋಡಿಸಿ, ಹಾಗೆ ಅದನ್ನು ನೇರವಾಗಿ ಜೀನಿನ ಬಳಿಗೆ ತಂದು ಯೀಸ್ಟ್‌ನಲ್ಲಿ ಪರೀಕ್ಷಿಸಿದರು. ಗ್ಯಾಲ್4ನಂಥ ಪ್ರಚೋದಕ ಇಲ್ಲದೆಯೇ ಜೀನ್ ಚಾಲೂ ಆಯಿತು.