ಸಂಪಾದಕರ ಉತ್ತರ: ಶನಿವಾರ ಬೆಳಗ್ಗೆ ನೀವು ಹೊಡೀದೆ ಬಿಟ್ಟ ಜಿಂಕೆ

ನಮಸ್ಕಾರ. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಬೇರೆ ಓದುಗರಿಗೆ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ವಿಷಯ ಮೊದಲು ಚಿಕ್ಕದಾಗಿ ಹೇಳ್ಬಿಡ್ತೀನಿ. ಹಾಸನದ ಕಡೆಯವರು, ಅಮೆರಿಕಾದ ವಿಸ್ಕಾನ್ಸಿನ್‌ಗೆ ಬಂದು ಹತ್ತು ವರ್ಷ ಆಯ್ತು, ಆಫೀಸಲ್ಲಿ ಜೊತೆಗೆ ಕೆಲಸ ಮಾಡೋ ಹಿರಿಯರೊಬ್ಬರು ಬೇಟೆ ಕಲಿಸಿದ್ರು, ಎರಡು ನವೆಂಬರ್ ಬರಿಗೈಯಲ್ಲಿ ವಾಪಸ್ ಬಂದ್ರಿ, ಈ ಸಲ ಸೀಸನ್ನಿನ ಎರಡನೇ ದಿನ ಸಂಜೆ ಒಂದು ಹೆಣ್ಣು ಜಿಂಕೆ ಬಿತ್ತು. ಹತ್ರ ಹೋಗಿ ನೋಡಿದಾಗ ಕೈ ನಡುಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಫೋಟೋನ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ರಿ, ಅಲ್ಲಿ ಚೆನ್ನಾಗಿ ಬೈಸ್ಕೊಂಡ್ರಿ. ಈಗ ಕೇಳ್ತಿದೀರಿ, ಇದು ನನಗೆ ಹೊಂದೋ ಕೆಲಸಾನಾ, ಹೆಣ್ಣು ಹೊಡೆದಿದ್ದು ತಪ್ಪಾ, ಮಾಂಸ ಮಕ್ಕಳಿಗೆ ಕೊಡಬಹುದಾ, ಎಚ್-1ಬಿ ಕೆಲಸದ ವೀಸಾದಲ್ಲಿರೋ ಫ್ರೆಂಡ್ ಮುಂದಿನ ವರ್ಷ ಬರ್ತೀನಿ ಅಂತಾನೆ ಕರ್ಕೊಂಡು ಹೋಗ್ಲಾ, ಊರಲ್ಲಿರೋ ಅಮ್ಮಂಗೆ ಹೇಳ್ಲಾ ಬೇಡ್ವಾ ಅಂತ.

ಎಲ್ಲದಕ್ಕೂ ಬರ್ತೀನಿ. ಆದ್ರೆ ಮೊದಲು ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದೇ ಸಾಲಲ್ಲಿ ಹೇಳಿ ಮುಂದಕ್ಕೆ ಹೋಗಿರೋ ವಿಷಯ ಒಂದಿದೆ, ನಾನು ಆ ಸಾಲನ್ನ ನಾಲ್ಕು ಸಲ ಓದ್ದೆ. ಮೊದಲನೇ ದಿನ, ಶನಿವಾರ ಬೆಳಗ್ಗೆ, ಎಂಬತ್ತು ಗಜ ದೂರದಲ್ಲಿ ಎಂಟು ಕವಲಿನ ಕೊಂಬಿರೋ ಗಂಡು ದಿಬ್ಬದ ನೆತ್ತಿ ಮೇಲೆ ಬಂದು ಅಡ್ಡ ನಿಂತ್ಕೊಂಡಿತ್ತು, ಅದರ ಹಿಂದೆ ಬರೀ ಆಕಾಶ, ಆಚೆ ಕಡೆ ಏನಿದೆ ಅಂತ ಕಾಣಿಸ್ತಿರ್ಲಿಲ್ಲ, ಹಾಗಾಗಿ ಕೋವಿ ಕೆಳಗಿಳಿಸ್ದೆ ಅಂತ ಬರೆದಿದೀರಿ. ಎರಡು ವರ್ಷ ಏನೂ ಸಿಗದೇ ಇದ್ದೋರು, ಎದುರಿಗೆ ಅಂಥ ಕೊಂಬು, ಎದೆ ಢವಢವ ಅಂತಿರೋ ಹೊತ್ತಲ್ಲಿ ಬೆರಳನ್ನ ಟ್ರಿಗರ್‌ನಿಂದ ದೂರ ಇಟ್ಟಿದ್ದು ಸಣ್ಣ ವಿಷಯ ಅಲ್ಲ ಸ್ವಾಮಿ. ರೈಫಲ್ ಗುಂಡು ಗುರಿ ತಪ್ಪಿದ್ರೆ ಮೈಲಿಗಟ್ಟಲೆ ಹೋಗುತ್ತೆ, ದಿಬ್ಬದ ಆಚೆ ಇನ್ನೊಬ್ಬ ಬೇಟೆಗಾರ ಇರಬಹುದು, ದನದ ಕೊಟ್ಟಿಗೆ ಇರಬಹುದು. ವಿಸ್ಕಾನ್ಸಿನ್‌ನ ಹಂಟರ್ ಎಜುಕೇಶನ್ ಕ್ಲಾಸಲ್ಲಿ ಟ್ಯಾಬ್-ಕೆ ಅಂತ ಬಾಯಿಪಾಠ ಮಾಡಿಸ್ತಾರಲ್ಲ, ಪ್ರತಿ ಕೋವೀಲೂ ಗುಂಡಿದೆ ಅಂತಲೇ ತಿಳ್ಕೋ, ನಳಿಗೆ ಬಾಯಿ ಯಾವಾಗ್ಲೂ ಸೇಫ್ ದಿಕ್ಕಿಗೇ ಇರ್ಲಿ, ಗುರಿ ಯಾವುದು ಅದರ ಹಿಂದೆ ಏನಿದೆ ಅಂತ ಖಾತ್ರಿ ಮಾಡ್ಕೋ, ಹೊಡಿಯೋ ತನಕ ಬೆರಳು ಟ್ರಿಗರ್ ಗಾರ್ಡ್‌ನ ಹೊರಗಿರ್ಲಿ. ಕ್ಲಾಸಲ್ಲಿ ಎಲ್ರೂ ಹೇಳ್ತಾರೆ, ಮರದ ಮೇಲೆ ಚಳೀಲಿ ಕೂತಾಗ ಮೂರನೇದನ್ನ ನೆನಪಿಟ್ಕೊಳ್ಳೋರು ಕಮ್ಮಿ. ನನ್ನ ಕೇಳಿದ್ರೆ ನಿಮ್ಮ ಸೀಸನ್ ಗೆದ್ದಿದ್ದು ಶನಿವಾರ ಬೆಳಗ್ಗೇನೇ, ಭಾನುವಾರ ಸಂಜೆ ಸಿಕ್ಕಿದ್ದು ಅದರ ಮುಂದಿನ ಭಾಗ.

ನನ್ನ ಮೊದಲನೇ ಜಿಂಕೆ ಕಥೆ ಇಲ್ಲಿವರೆಗೂ ಪತ್ರಿಕೇಲಿ ಬರೆದಿಲ್ಲ. ಅದು ನನಗೆ ಸಿಗಲೇ ಇಲ್ಲ. ಬೆಳಕು ಇಳೀತಿತ್ತು, ಜಿಂಕೆ ನಡೀತಾ ಇತ್ತು, ನಿಲ್ಲೋ ತನಕ ಕಾಯ್ಬೇಕಿತ್ತು, ಕಾಯ್ಲಿಲ್ಲ. ಏಟು ಹಿಂದಕ್ಕೆ ಬಿತ್ತು, ಹೊಟ್ಟೆಗೆ. ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು, ತಕ್ಷಣ ಮರದಿಂದ ಇಳಿದು ಜಾಡು ಹಿಡಿದು ಓಡಿದೆ. ಹೊಟ್ಟೆಗೆ ಏಟು ಬಿದ್ದ ಜಿಂಕೆ ಹಿಂದೆ ಯಾರೂ ಬರದೇ ಇದ್ರೆ ಸ್ವಲ್ಪ ದೂರ ಹೋಗಿ ಮಲಗುತ್ತೆ, ಅಟ್ಟಿಸ್ಕೊಂಡು ಹೋದ್ರೆ ಎದ್ದೂ ಎದ್ದೂ ಹೋಗ್ತಾನೇ ಇರುತ್ತೆ. ಅದು ಜೌಗಿನ ಕಡೆ ಇಳೀತು, ಕತ್ತಲಾಯ್ತು, ಮಾರನೇ ದಿನ ಮಧ್ಯಾಹ್ನದವರೆಗೂ ಮೊಣಕಾಲುದ್ದ ನೀರಲ್ಲಿ ಹುಡುಕಿದೆ. ಇವತ್ತಿಗೂ ನವೆಂಬರ್ ಬಂದ್ರೆ ಮೊದಲು ನೆನಪಾಗೋದು ಅದೇ.

ನೀವು ಏನ್ ಮಾಡಿದ್ರಿ ನೋಡಿ. ಹೊಡೆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತ್ರಿ, ಆಮೇಲೆ ಗುರುಗಳ ಜೊತೆ ಹೋಗಿ ರಕ್ತ ನೋಡಿದ್ರಿ, ತಿಳಿ ಗುಲಾಬಿ ಬಣ್ಣ, ನೊರೆನೊರೆ, ಅಂದ್ರೆ ಶ್ವಾಸಕೋಶಕ್ಕೇ ತಾಗಿದೆ ಅಂತ ಗೊತ್ತಾಯ್ತು, ಎಪ್ಪತ್ತು ಗಜದಲ್ಲಿ ಸಿಕ್ತು. ಮುಂದೆ ಯಾವತ್ತಾದ್ರೂ ಕಪ್ಪು ಕೆಂಪು ರಕ್ತ ಕಂಡ್ರೆ ಲಿವರ್ ಅಂತ ತಿಳ್ಕೊಂಡು ಗಂಟೆಗಟ್ಟಲೆ ಕಾಯಿರಿ, ಹಸಿರು ಬೆರೆತು ವಾಸನೆ ಇದ್ರೆ ಹೊಟ್ಟೆ, ಆಗ ಎಂಟು ಹತ್ತು ಗಂಟೆ ಆದ್ರೂ ಬಿಡ್ಬೇಕು, ಎಷ್ಟೇ ಮನಸ್ಸು ಎಳೆದ್ರೂ ಸರಿ. ನಮ್ಮ ಮಲೆನಾಡಲ್ಲಿ ಮರಸು ಕೂರೋದು ಅಂತಾರಲ್ಲ, ಇಲ್ಲಿನ ಟ್ರೀ ಸ್ಟ್ಯಾಂಡೂ ಅದೇ. ಹದಿನೈದು ಅಡಿ ಮೇಲೆ ಕೂತಿದ್ದೆ ಅಂದಿದೀರಿ ಆದ್ರೆ ಬೀಳದ ಹಾಗೆ ಮೈಯನ್ನ ಮರಕ್ಕೆ ಹಿಡಿದಿಡೋ ಹಾರ್ನೆಸ್ ಕಟ್ಕೊಂಡಿದ್ದೆ ಅಂತ ಎಲ್ಲೂ ಇಲ್ಲ. ಬರಿಯೋಕೆ ಮರೆತಿದ್ರೆ ಸರಿ, ಹಾಕದೇ ಇದ್ದಿದ್ರೆ ದಯವಿಟ್ಟು ಮುಂದಿನ ವರ್ಷ ಹಾಗೆ ಹತ್ಬೇಡಿ, ಈ ನಾಡಲ್ಲಿ ಜಿಂಕೆ ಬೇಟೆಗೆ ಹೋಗಿ ಮರದಿಂದ ಬಿದ್ದು ನಡು ಮುರ್ಕೊಂಡೋರು ಬಹಳ ಜನ ಇದ್ದಾರೆ.

ಇನ್ನು ಕೈ ನಡುಗಿದ್ದು, ಅತ್ತಿದ್ದು. ನಲವತ್ತು ಸೀಸನ್ ನೋಡಿರೋ ಮುದುಕರು ಪ್ರತಿ ಸಲ ಜಿಂಕೆ ಪಕ್ಕ ಮಂಡಿಯೂರಿ ಕೂತು ಐದು ನಿಮಿಷ ಮಾತಾಡದೇ ಇರೋದನ್ನ ನೋಡಿದೀನಿ. ನೀವು ಇಷ್ಟು ವರ್ಷ ಮಟನ್ ತಂದಿದ್ದು ಅಂಗಡಿಯಿಂದ, ಈ ಸಲ ಒಂದು ಜೀವ ಹೋಗಿದ್ದನ್ನ ಕಣ್ಣಾರೆ ನೋಡಿದ್ರಿ, ಅದೂ ನಿಮ್ಮ ಕೈಯಿಂದ. ನೀರು ಬರ್ಬೇಕಾದ್ದೇ. ಹೊಂದೋ ಕೆಲಸಾನಾ ಅನ್ನೋದು ಮುಂದಿನ ಅಕ್ಟೋಬರಲ್ಲಿ ರೇಂಜಿಗೆ ಹೋಗಿ ಕೋವಿಯ ಗುರಿ ಸರಿ ಮಾಡ್ಕೊಳ್ಳೋವಾಗ ನಿಮಗೇ ಗೊತ್ತಾಗುತ್ತೆ, ಮನಸ್ಸು ಒಪ್ಪದಿದ್ರೆ ಬಿಟ್ಬಿಡಿ, ಅದರಲ್ಲಿ ಅವಮಾನ ಏನಿಲ್ಲ.

ಹೆಣ್ಣು ಹೊಡೆದಿದ್ದರ ಬಗ್ಗೆ. ಈ ಜಗಳ ವಿಸ್ಕಾನ್ಸಿನ್‌ಗೆ ಹಳೇದು. ಆಲ್ಡೋ ಲಿಯೋಪೋಲ್ಡ್ ಅಂತ ಮ್ಯಾಡಿಸನ್ ಯೂನಿವರ್ಸಿಟೀಲಿ 1933ರಿಂದ ವನ್ಯಜೀವಿ ನಿರ್ವಹಣೆ ಪಾಠ ಮಾಡ್ತಿದ್ದ ಪ್ರೊಫೆಸರ್, ಉತ್ತರದ ಕಾಡಲ್ಲಿ ಜಿಂಕೆ ಮಿತಿ ಮೀರಿವೆ, ಚಳಿಗಾಲದಲ್ಲಿ ಮೇವಿಲ್ಲದೆ ಸಾಯ್ತಿವೆ, ಹೆಣ್ಣನ್ನೂ ಹೊಡೀಲೇಬೇಕು ಅಂತ ಹಟ ಹಿಡಿದ್ರು. 1943ರಲ್ಲಿ ಅದಕ್ಕೆ ಅವಕಾಶ ಆಯ್ತು, ಜನ ಎಷ್ಟು ಸಿಟ್ಟಾದ್ರು ಅಂದ್ರೆ ಅದಕ್ಕೆ ನಲವತ್ತಮೂರರ ಅಪರಾಧ ಅಂತಲೇ ಹೆಸರಿಟ್ರು. ಆದ್ರೆ ಲೆಕ್ಕ ಲಿಯೋಪೋಲ್ಡ್ ಕಡೆಗೇ ಇತ್ತು. ಒಂದು ಗಂಡು ಎಷ್ಟೋ ಹೆಣ್ಣುಗಳ ಜೊತೆ ಕೂಡುತ್ತೆ, ನಾಲ್ಕು ಗಂಡು ಹೋದ್ರೂ ಬೇಸಿಗೇಲಿ ಹುಟ್ಟೋ ಮರಿಗಳ ಸಂಖ್ಯೆ ಅಷ್ಟೇ ಇರುತ್ತೆ, ವಯಸ್ಸಿಗೆ ಬಂದ ಹೆಣ್ಣು ಸಾಮಾನ್ಯವಾಗಿ ಅವಳಿ ಹಾಕುತ್ತೆ. ತೋಳಗಳನ್ನ ಜನ ಹೊಡೆದೂ ಹೊಡೆದೂ 1960ರ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲಿ ಒಂದೂ ಉಳಿದಿರ್ಲಿಲ್ಲ, ಎಪ್ಪತ್ತರ ದಶಕದಲ್ಲಿ ಮಿನ್ನೆಸೋಟಾ ಕಡೆಯಿಂದ ಮತ್ತೆ ಬಂದವು, ಅವೂ ಹೆಚ್ಚಾಗಿ ಇರೋದು ಮೇಲಿನ ಕಾಡಲ್ಲಿ. ನಿಮ್ಮ ಕಡೆಯ ಜೋಳದ ಹೊಲ, ಓಕ್ ತೋಪಲ್ಲಿ ಜಿಂಕೆನ ತಡೆಯೋದು ಬೇಟೆಗಾರರು, ರಸ್ತೇಲಿ ಹೋಗೋ ಕಾರುಗಳು, ಇಷ್ಟೇ. ಇದರ ಮರಿ ಏನಾಯ್ತೋ ಅಂತ ಕೇಳಿದೀರಿ. ಮೇ ಜೂನಲ್ಲಿ ಹುಟ್ಟಿದ ಮರಿಗೆ ನವೆಂಬರಲ್ಲಿ ಐದಾರು ತಿಂಗಳು, ಹಾಲು ಬಿಟ್ಟಿರುತ್ತೆ, ಒಂದೇ ಮೇಯ್ಕೊಂಡು ಬದುಕುತ್ತೆ.

ಆದ್ರೆ ಅದೇ ಲೆಕ್ಕ ಬಂಡೀಪುರಕ್ಕೆ ಹಾಕ್ಬೇಡಿ, ವಾಟ್ಸಾಪ್ ಗ್ರೂಪಲ್ಲಿ ಆಗಿರೋ ಗೊಂದಲ ಇದೇ ಅನ್ಸುತ್ತೆ. ಊರಲ್ಲಿ ಜಿಂಕೆ ಹೊಡೆದ್ರೆ ಜೈಲು, ಇಲ್ಲಿ ಹೊಡೆದು ಫೋಟೋ ಹಾಕ್ತಾನೆ ಅಂತ ಒಬ್ಬರು ಬರೆದ್ರು ಅಂದ್ರಲ್ಲ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರೋದು ಸರಿಯಾಗೇ ಇದೆ. ನಾಗರಹೊಳೆ, ಬಂಡೀಪುರದಲ್ಲಿ ಜಿಂಕೆ, ಕಡವೆ ಕಮ್ಮಿ ಆದ್ರೆ ಹುಲಿ, ಸೀಳುನಾಯಿ ಉಪವಾಸ, ಒಂದು ಕಾಡಲ್ಲಿ ಎಷ್ಟು ಹುಲಿ ಇರಬಹುದು ಅನ್ನೋದು ಅಲ್ಲಿ ಎಷ್ಟು ಬೇಟೆಪ್ರಾಣಿ ಇವೆ ಅನ್ನೋದರ ಮೇಲೆ ನಿಂತಿದೆ ಅಂತ ಉಲ್ಲಾಸ ಕಾರಂತರು ನಾಗರಹೊಳೇಲಿ ದಶಕಗಳ ಕಾಲ ಕೆಲಸ ಮಾಡಿ ತೋರಿಸಿದಾರೆ. ಅಮೆರಿಕಾನೂ ಒಂದು ಕಾಲಕ್ಕೆ ಅಲ್ಲೇ ನಿಂತಿತ್ತು. ಮಾರ್ಕೆಟ್‌ಗೆ ಮಾಂಸ, ಚರ್ಮ ಮಾರೋರು ಹೊಡೆದೂ ಹೊಡೆದೂ 1900ರ ಹೊತ್ತಿಗೆ ದೇಶದಲ್ಲೆಲ್ಲ ಸೇರಿ ಬಿಳಿಬಾಲದ ಜಿಂಕೆ ಐದು ಲಕ್ಷಾನೂ ಇರ್ಲಿಲ್ಲ ಅಂತಾರೆ, ಆಮೇಲೆ ಕದ್ದು ಹೊಡೆದ ಪ್ರಾಣಿಗಳನ್ನ ರಾಜ್ಯದಿಂದ ರಾಜ್ಯಕ್ಕೆ ಸಾಗಿಸೋದನ್ನ ತಡೆಯೋ ಲೇಸಿ ಕಾಯ್ದೆ ಬಂತು, ರಾಜ್ಯಗಳು ಮಾರಾಟ ನಿಲ್ಲಿಸಿದ್ವು, 1937ರ ಕಾನೂನಿನಿಂದ ರೈಫಲ್, ತೋಟಾ ಮೇಲಿನ ತೆರಿಗೇನ ವನ್ಯಜೀವಿ ಕೆಲಸಕ್ಕೇ ಕೊಡೋಕೆ ಶುರು ಮಾಡಿದ್ರು. ಇವತ್ತು ನೀವು ಹೊಡೆದ ಜಿಂಕೆಯ ಒಂದು ಪೌಂಡ್ ಮಾಂಸಾನೂ ಮಾರೋ ಹಾಗಿಲ್ಲ, ಈಗ ಜಿಂಕೆ ಕೋಟಿಗಟ್ಟಲೆ ಇವೆ.

ಬೇಟೆ ಕನ್ನಡದವರ ಸಂಸ್ಕೃತಿ ಅಲ್ಲ ಅಂದವರಿಗೆ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಹೋಗಿ ಆತಕೂರಿನ ಕಲ್ಲು ನೋಡ್ರಪ್ಪ ಅನ್ನಿ. ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 949-50ರಲ್ಲಿ, ಕಾಡುಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ಬೇಟೆನಾಯಿಗೋಸ್ಕರ ಮಣಲೇರ ಅನ್ನೋ ವೀರ ನಿಲ್ಲಿಸಿದ ಕಲ್ಲು ಅದು, ಹಂದೀನೂ ನಾಯೀನೂ ಎದುರುಬದುರು ಕೆತ್ತಿದಾರೆ. ಕೊಡಗಲ್ಲಿ ಕೈಲ್ ಪೋಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ. ಹಾಗಂತ ಹಳೇದು ಅನ್ನೋ ಕಾರಣಕ್ಕೇ ಯಾವುದೂ ಸರಿ ಆಗಲ್ಲ, ಅದನ್ನೂ ಒಪ್ತೀನಿ. ಫೋಟೋ ವಿಷಯದಲ್ಲಿ ಮಾತ್ರ ನಾನು ಗ್ರೂಪಿನವರ ಕಡೆ. ನೂರು ಮನೆ ಜನ ಇರೋ ಗ್ರೂಪು, ಅರ್ಧ ಜನ ಮೊಟ್ಟೆನೂ ಮುಟ್ಟದೋರು, ಬೆಳಗ್ಗೆ ಕಾಫಿ ಕುಡೀತಾ ಫೋನ್ ತೆಗೆದ್ರೆ ರಕ್ತ. ಬೇಕು ಅಂದೋರಿಗೆ ಮಾತ್ರ ಕಳಿಸಬಹುದಿತ್ತು.

ಈಗ ಮಾಂಸ. ನೀವು ಬೇಟೆ ಆಡಿರೋದು ಡೇನ್ ಕೌಂಟೀಲಿ, ಹಾಗಾಗಿ ಇದನ್ನ ಗಮನ ಇಟ್ಟು ಓದಿ. ಸಿಡಬ್ಲ್ಯೂಡಿ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಜಿಂಕೆ ಮಿದುಳನ್ನ ತಿನ್ನೋ ರೋಗ, 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಣ್ಣಿಗೆ ಬಿತ್ತು, ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಗೊತ್ತಾಗಿದ್ದು ನಿಮ್ಮ ಡೇನ್ ಕೌಂಟಿಯ ಮೌಂಟ್ ಹೊರೆಬ್ ಸುತ್ತಮುತ್ತಾನೇ. ಆಕಾರ ಕೆಟ್ಟ ಪ್ರೋಟೀನ್‌ನಿಂದ ಬರೋದು, ಪ್ರಿಯಾನ್ ಅಂತಾರೆ, ಎಷ್ಟು ಕುದಿಸಿದ್ರೂ ಕುಕ್ಕರಲ್ಲಿ ಎಷ್ಟು ಸೀಟಿ ಹಾಕಿದ್ರೂ ಸಾಯಲ್ಲ. ಮನುಷ್ಯರಿಗೆ ಬಂದಿದ್ದು ಇಲ್ಲಿವರೆಗೆ ಸಾಬೀತಾಗಿಲ್ಲ, ಆದ್ರೂ ಪಾಸಿಟಿವ್ ಬಂದ ಜಿಂಕೆ ತಿನ್ಬೇಡಿ ಅಂತಲೇ ಅಮೆರಿಕಾದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳೋದು. ನೋಡೋಕೆ ದಷ್ಟಪುಷ್ಟ ಇತ್ತು ಅಂದಿದೀರಿ, ರೋಗ ಇದ್ರೂ ಬಹಳ ದಿನ ಹಾಗೇ ಕಾಣುತ್ತೆ. ತಲೆ ಇನ್ನೂ ಗ್ಯಾರೇಜಲ್ಲೇ ಇದ್ರೆ ಇವತ್ತೇ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಅಂದ್ರೆ ಡಿಎನ್‌ಆರ್‌ನ ಸ್ಯಾಂಪ್ಲಿಂಗ್ ಡಬ್ಬಿಗೆ ಹಾಕಿ ಬನ್ನಿ, ದುಡ್ಡು ತಗೊಳ್ಳಲ್ಲ, ಗಂಟಲ ಹತ್ರದ ಗ್ರಂಥಿ ತೆಗೆದು ಟೆಸ್ಟ್ ಮಾಡ್ತಾರೆ. ರಿಸಲ್ಟ್ ಬರೋ ತನಕ ಆ ನಲವತ್ತು ಪೌಂಡೂ ಫ್ರೀಜರಲ್ಲೇ ಇರ್ಲಿ, ಅಕ್ಕಪಕ್ಕದ ಮನೆಗೂ ಹಂಚ್ಬೇಡಿ.

ಮಕ್ಕಳು ಸಣ್ಣವರು ಅಂದ್ರಿ, ಅದಕ್ಕೇ ಇನ್ನೊಂದು ಹೇಳ್ಬೇಕು. ಸೀಸದ ಗುಂಡು ಮೂಳೆಗೆ ತಾಗಿದ್ರೆ ಸಾಸಿವೆಗಿಂತ ಸಣ್ಣ ಚೂರುಗಳಾಗಿ ಗಾಯದಿಂದ ಎಷ್ಟೋ ದೂರ ಚೆದುರುತ್ತೆ, ಕಣ್ಣಿಗೂ ಕಾಣಲ್ಲ ಹಲ್ಲಿಗೂ ಸಿಗಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಕೊಟ್ಟ ಜಿಂಕೆ ಖೀಮಾದಲ್ಲಿ ಸೀಸ ಸಿಕ್ಕಿ ಅಷ್ಟನ್ನೂ ಎಸೆದ್ರು. ಏಟು ಬಿದ್ದ ಜಾಗದ ಸುತ್ತ ಧಾರಾಳವಾಗಿ ಕತ್ತರಿಸಿ ತೆಗೀರಿ, ಆ ಕಡೆಯ ಮಾಂಸ ಖೀಮಾಗೆ ಬೇಡ, ಮುಂದಿನ ವರ್ಷ ತಾಮ್ರದ ಗುಂಡು ತಗೊಳ್ಳಿ, ಸ್ವಲ್ಪ ದುಬಾರಿ ಅಷ್ಟೇ. ನೀವು ಕಾಡಲ್ಲಿ ಬಿಟ್ಟು ಬಂದ ಕರುಳನ್ನ ಹದ್ದುಗಳು ತಿನ್ನುತ್ತವೆ, ಅವಕ್ಕೂ ಸೀಸ ವಿಷ. ಅಡಿಗೆ ಬಗ್ಗೆ, ಕೊಬ್ಬನ್ನೂ ಬೆಳ್ಳಗಿನ ಪೊರೆಯನ್ನೂ ಪೂರ್ತಿ ತೆಗೀಬೇಕು, ಜಿಂಕೆ ಕೊಬ್ಬು ಬಾಯಲ್ಲಿ ಮೇಣದ ಹಾಗೆ ಅಂಟುತ್ತೆ. ತೊಡೆ, ಭುಜ ಕುಕ್ಕರಿಗೆ, ಕರಿಮೆಣಸು ಜಾಸ್ತಿ, ಕೊನೇಲಿ ಒಂದು ಚಮಚ ಕಾಚಂಪುಳಿ. ಬೆನ್ನುದ್ದಕ್ಕೂ ಬರೋ ಮೆತ್ತನೆ ಮಾಂಸನ ಮಾತ್ರ ದಯವಿಟ್ಟು ಸಾರಿಗೆ ಹಾಕ್ಬೇಡಿ, ಬಿಸಿ ಕಾವಲಿ ಮೇಲೆ ತುಪ್ಪದಲ್ಲಿ ಎರಡೆರಡು ನಿಮಿಷ ಸಾಕು.

ಎಚ್-1ಬಿ ಫ್ರೆಂಡ್ ವಿಷಯ, ಇದು ಇಲ್ಲಿರೋ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ವೀಸಾ ಮೇಲೆ ಬಂದಿರೋರು ಕೋವಿ, ತೋಟಾ ಇಟ್ಕೊಳ್ಳೋದೇ ಫೆಡರಲ್ ಕಾನೂನಲ್ಲಿ ಅಪರಾಧ, ರಾಜ್ಯದ ಹಂಟಿಂಗ್ ಲೈಸೆನ್ಸ್ ಚಾಲ್ತೀಲಿ ಇದ್ರೆ ವಿನಾಯಿತಿ ಇದೆ. ಅಂದ್ರೆ ಮೊದಲು ಲೈಸೆನ್ಸ್, ಆಮೇಲೆ ಕೋವಿ ಮುಟ್ಟೋದು. ಸುಮ್ನೆ ರೇಂಜಲ್ಲಿ ಹೊಡ್ದು ನೋಡೋಣ ಅಂತ ನೀವು ಅವರ ಕೈಗೆ ಕೊಟ್ರೂ ಇಬ್ಬರಿಗೂ ಕಷ್ಟ, ಅವರ ಗ್ರೀನ್ ಕಾರ್ಡ್ ಕಥೇನೂ ಮುಗೀಬಹುದು. ಒಬ್ಬ ಇಮಿಗ್ರೇಶನ್ ವಕೀಲರನ್ನ ಕೇಳಿ ಬಿಡಿ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದೋರಿಗೆ ಹಂಟರ್ ಎಜುಕೇಶನ್ ಬೇಕೇ ಬೇಕು, ಇಲ್ಲಾಂದ್ರೆ ಮೆಂಟರ್ ಕೈಗೆಟುಕೋ ದೂರದಲ್ಲೇ ಕೂತಿರ್ಬೇಕು, ನೀವಿನ್ನೂ ಹೊಸಬರು, ಆ ಮೆಂಟರ್ ನಿಮ್ಮ ಗುರುಗಳೇ ಆಗ್ಲಿ. ಚರ್ಮ ಹದ ಮಾಡಿಸಿ ಊರಿಗೆ ಒಯ್ಯೋ ಆಸೆ ಇದೆ ಅಂತ ಕೊನೇಲಿ ಬರೆದಿದೀರಿ, ಬೇಡ, ಬೆಂಗಳೂರು ಏರ್‌ಪೋರ್ಟಲ್ಲಿ ಅದು ವಿಸ್ಕಾನ್ಸಿನ್ ಜಿಂಕೆ ಅಂತ ವಾದ ಮಾಡ್ತಾ ನಿಲ್ಲೋ ಪರಿಸ್ಥಿತಿ ತಂದ್ಕೋಬೇಡಿ.

ಅಮ್ಮಂಗೆ ಹೇಳಿ. ಫೋಟೋ ಕಳಿಸ್ಬೇಡಿ, ಫೋನಲ್ಲಿ ಹೇಳಿ, ಶನಿವಾರದ್ದನ್ನೂ ಹೇಳಿ. ನಾನು ನಮ್ಮಮ್ಮಂಗೆ ಎರಡು ವರ್ಷ ಮುಚ್ಚಿಟ್ಟಿದ್ದೆ. ನಮ್ಮಜ್ಜನ ಹತ್ರ ತೋಟ ಕಾಯೋ ಕೋವಿ ಇತ್ತು, ಅಮ್ಮಂಗೆ ಇದೆಲ್ಲ ಹೊಸದೇನಲ್ಲ, ಆದ್ರೂ ಹೇಳೋಕೆ ಧೈರ್ಯ ಬಂದಿರ್ಲಿಲ್ಲ. ಕೊನೆಗೆ, ಆಮೇಲೆ ನನ್ನ ಕೈಗೆ ಸಿಕ್ಕಿದ ಹೆಣ್ಣು ಜಿಂಕೆ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಮಾತು, ಬಸುರಿ ಆಗಿತ್ತೇನೋ ಅಂತ. ಜಿಂಕೆ ಕೂಡೋದೇ ನವೆಂಬರಲ್ಲಿ, ಆಗಿದ್ರೂ ಆಗಿರಬಹುದಮ್ಮ, ಒಂದೆರಡು ವಾರದ್ದು ಗೊತ್ತಾಗಲ್ಲ ಅಂದೆ, ಸುಳ್ಳು ಹೇಳೋಕೆ ಮನಸ್ಸಾಗ್ಲಿಲ್ಲ. ಸ್ವಲ್ಪ ಹೊತ್ತು ಆ ಕಡೆ ಮಾತೇ ಇಲ್ಲ. ಆಮೇಲೆ, ಏನೂ ಬಿಸಾಡ್ಲಿಲ್ಲ ತಾನೇ, ಎಲ್ಲಾ ಉಂಡ್ರಾ ಅಂತ ಕೇಳಿದ್ರು. ಉಂಡ್ವಿ ಅಂದೆ.