ಭಾರತ ಇಷ್ಟು ದೊಡ್ಡದು, ಪ್ರವಾಸಕ್ಕೆ ಯಾವ ಕಡೆ ಹೋಗಬೇಕು ಅಂತ ಹೇಗೆ ಆರಿಸೋದು?

ಮೊದಲು ನಿಮ್ಮ ರಜೆ ಯಾವ ತಿಂಗಳು ಅಂತ ನೋಡಿ, ಆಮೇಲೆ ಊರು ಆರಿಸಿ. ಅಷ್ಟರಲ್ಲೇ ಅರ್ಧ ಪಟ್ಟಿ ಕಡಿಮೆಯಾಗುತ್ತದೆ.

ಕಾರಣ ಮಳೆ. ಅದು ದೇಶಕ್ಕೆಲ್ಲ ಒಂದೇ ಸಮ ಸುರಿಯುವುದಿಲ್ಲ. ನಮ್ಮ ಕಡೆಯೇ ನೋಡಿ. ಒಂದು ಜುಲೈಯಲ್ಲಿ ಬೆಳಗಾವಿಯಲ್ಲಿ ಬಸ್ ಹತ್ತುವಾಗ ತೊಯ್ದು ತೊಪ್ಪೆಯಾಗಿದ್ದ ನನ್ನ ರೇನ್‌ಕೋಟು ವಿಜಯಪುರದಲ್ಲಿ ಇಳಿಯುವ ಹೊತ್ತಿಗೆ ಪೂರ್ತಿ ಒಣಗಿತ್ತು, ಕಿಟಕಿಯಿಂದ ಮುಖಕ್ಕೆ ಧೂಳು ಬೇರೆ. ಸಮುದ್ರದಿಂದ ಬರುವ ಮೋಡ ಸಹ್ಯಾದ್ರಿ ಹತ್ತುವಾಗಲೇ ಹೆಚ್ಚಿನ ನೀರು ಸುರಿಸಿಬಿಡುತ್ತದೆ, ಈಚೆಗೆ ದಾಟೋದು ಒಣ ಗಾಳಿಯೇ ಜಾಸ್ತಿ.

ಹಿಮಾಲಯದ ಆಚೆ ಇರುವ ಲಡಾಖ್‌ದೂ ಇದೇ ಕಥೆ. ಅದಕ್ಕೇ ಬೇರೆ ಕಡೆ ಮಳೆ ಜೋರಿರುವ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಆರಾಮಾಗಿ ತಿರುಗಬಹುದು. ಆದರೆ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಹೋದರೆ ಮೊದಲ ಎರಡು ದಿನ ಸುಮ್ನೆ ರೂಮಿನಲ್ಲೇ ಇರಿ, ದಯವಿಟ್ಟು ಇದನ್ನು ತಪ್ಪಿಸಬೇಡಿ, ಉಸಿರಿನ ತೊಂದರೆ ಜೀವಕ್ಕೇ ಬರಬಹುದು.

ಮೇ ರಜೆ ಅಂದರೆ ಹಿಮಾಚಲ, ಉತ್ತರಾಖಂಡದ ಬೆಟ್ಟಗಳು. ಆಗ ರಾಜಸ್ಥಾನ ಬೇಡ, ಬಿಸಿಲು ಮಕ್ಕಳಿಗೆ ತಡೆಯುವುದಿಲ್ಲ. ಅದಕ್ಕೆ ನವೆಂಬರ್‌ನಿಂದ ಫೆಬ್ರುವರಿ ಸರಿ. ಚೆನ್ನೈ ಕಡೆ ಮಾತ್ರ ಉಲ್ಟಾ, ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಜನವರಿಗೆ ಹೋಗಿ. ನವೆಂಬರ್ ಶುರುವಿಗೆ ರಜೆ ಸಿಕ್ಕರೆ ನಾನು ಮೇಘಾಲಯ ಅನ್ನುತ್ತೇನೆ: ಜೋರು ಮಳೆ ಮುಗಿದಿರುತ್ತದೆ, ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ.